ಪೆಟ್ಟು ಕಾಲಿಗೆ, ವಿಶ್ರಾಂತಿ ಇಡೀ ಮೈಗೇಕೆ?

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಭಾಲ್ಕಿ, ಔರಾದ ಕಡೆಯ ಊರುಗಳಲ್ಲಿ ಕಬಡ್ಡಿ, ಕುಸ್ತಿಗಳದ್ದೇ ಮಾತು. ಮೆಹಕರದಂಥ ಊರಿನ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ವಯಸ್ಸು ಇಪ್ಪತ್ತು. ದಾಳಿಗೆ ಹೋದವನು ಹಿಡಿತ ತಪ್ಪಿಸಿಕೊಳ್ಳಲು ಗಕ್ಕನೆ ತಿರುಗುತ್ತಾನೆ. ಪಾದ ನೆಲದಲ್ಲಿ ಊರಿದಂತೆಯೇ ಉಳಿಯುತ್ತದೆ, ಮೈ ಮಾತ್ರ ತಿರುಗುತ್ತದೆ. ಮೊಣಕಾಲಿನೊಳಗೆ 'ಟಕ್' ಎಂದು ಸದ್ದಾದಂತೆ ಅನಿಸುತ್ತದೆ. ಸಂಜೆಯೊಳಗೆ ಮೊಣಕಾಲು ಊದಿ ತೆಂಗಿನಕಾಯಿಯಂತಾಗುತ್ತದೆ.

ಅಲ್ಲಿಂದ ಅವನಿಗೆ ಎರಡು ಬಗೆಯ ಉಪದೇಶ ಸಿಗುತ್ತದೆ. ಸಂಗಾತಿಗಳು, "ಏನೂ ಆಗಂಗಿಲ್ಲ ತಮ್ಮಾ, ಪಟ್ಟಿ ಕಟ್ಕೊಂಡು ಆಡು, ನಾಳೆ ಫೈನಲ್ ಅದ" ಎನ್ನುತ್ತಾರೆ. ಮನೆಯವರು, "ಆಟ ಸಾಕು, ಮೂರು ತಿಂಗಳು ಹೊರಸಿನ ಮ್ಯಾಲಿಂದ ಏಳಬ್ಯಾಡ" ಎನ್ನುತ್ತಾರೆ. ಎರಡೂ ಪ್ರೀತಿಯಿಂದ ಬಂದ ಮಾತುಗಳೇ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಿಂದ ಎರಡೂ ತಪ್ಪು. ಮೊದಲನೆಯದು ತಪ್ಪೆಂದು ಬಹಳ ಜನರಿಗೆ ಗೊತ್ತು. ಎರಡನೆಯದೂ ಅಷ್ಟೇ ತಪ್ಪು ಎಂಬುದು ಗೊತ್ತಿರುವವರು ಕಡಿಮೆ. ಆದ್ದರಿಂದ ಈ ವಾರ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಕುಂಬ್ಳೆಯ ಎರಡು ಗಾಯಗಳು

2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗಾದಲ್ಲಿ ನಡೆದ ಟೆಸ್ಟ್ ಪಂದ್ಯ ನಿಮಗೆ ನೆನಪಿರಬಹುದು. ಬ್ಯಾಟ್ ಮಾಡುವಾಗ ಚೆಂಡು ಬಡಿದು ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ತಲೆಯಿಂದ ಗದ್ದದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮೈದಾನಕ್ಕಿಳಿದ ಅವರು ಸತತವಾಗಿ 14 ಓವರ್ ಬೌಲ್ ಮಾಡಿ ಲಾರಾ ಅವರ ವಿಕೆಟ್ ಪಡೆದರು. ಆ ಚಿತ್ರ ಇಂದಿಗೂ ಎಷ್ಟೋ ಮನೆಗಳಲ್ಲಿ ಮಾತಾಗುತ್ತದೆ. 'ನೋಡು, ದವಡೆ ಮುರಿದರೂ ಆಡಿದರು, ನಿನಗೆ ಬರೀ ಮೊಣಕಾಲು ನೋವು' ಎಂದು ಹುರಿದುಂಬಿಸಲು ಅದನ್ನು ಬಳಸುವವರೂ ಇದ್ದಾರೆ.

ಆದರೆ ಅದೇ ಕುಂಬ್ಳೆಯವರ ಇನ್ನೊಂದು ಗಾಯದ ಕಥೆ ಯಾರಿಗೂ ಅಷ್ಟಾಗಿ ನೆನಪಿಲ್ಲ. ಭುಜದ ತೊಂದರೆಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಅವರು ತಿಂಗಳುಗಟ್ಟಲೆ ಆಟದಿಂದ ದೂರ ಉಳಿದರು. 2001ರಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ ಅವರು ಆಡಲಿಲ್ಲ. ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದ ಹರಭಜನ್ ಸಿಂಗ್ ಮನೆಮಾತಾದರು. ತಮ್ಮ ಜಾಗದಲ್ಲಿ ಇನ್ನೊಬ್ಬ ಮೆರೆಯುವುದನ್ನು ನೋಡುತ್ತ ಕೈಕಟ್ಟಿ ಕೂರುವುದು ಯಾವ ಆಟಗಾರನಿಗೂ ಸುಲಭವಲ್ಲ. ಕುಂಬ್ಳೆ ಕಾದರು. 2001ರ ಕೊನೆಗೆ ಮರಳಿದರು. ಟೆಸ್ಟ್‌ನಲ್ಲಿ ಅವರು ಪಡೆದ 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಶಸ್ತ್ರಕ್ರಿಯೆಯ ನಂತರ ಬಂದವು. 2004ರ ಒಂದೇ ವರ್ಷದಲ್ಲಿ 74.

ದವಡೆ ಮುರಿದಾಗ ಆಡಿದವರು ಭುಜ ನೊಂದಾಗ ಏಕೆ ಆಡಲಿಲ್ಲ? ದವಡೆಯ ಮೇಲೆ ಬೌಲಿಂಗಿನ ಭಾರ ಬೀಳುವುದಿಲ್ಲ, ಭುಜದ ಮೇಲೆ ಬೀಳುತ್ತದೆ. ಅಷ್ಟೇ ವ್ಯತ್ಯಾಸ. ದವಡೆಯ ಗಾಯಕ್ಕೂ ಅವರು ಮರುದಿನವೇ ಶಸ್ತ್ರಕ್ರಿಯೆಗಾಗಿ ಬೆಂಗಳೂರಿಗೆ ಹೊರಟರು ಎಂಬುದನ್ನು ಪಟ್ಟಿಯ ಚಿತ್ರ ಹೇಳುವುದಿಲ್ಲ. ಮಕ್ಕಳಿಗೆ ಕಥೆ ಹೇಳುವಾಗ 2002ರ ಆ 14 ಓವರ್‌ಗಳ ಜೊತೆಗೆ 2001ರ ಆ ತಿಂಗಳುಗಳನ್ನೂ ಹೇಳಿ ಎಂದು ನನ್ನ ಕೋರಿಕೆ.

ಹಾಸಿಗೆ ಮಾಡುವ ಹಾನಿ

ಈಗ ಮನೆಯವರ ಉಪದೇಶಕ್ಕೆ ಬರೋಣ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಇಪ್ಪತ್ತರ ಆಸುಪಾಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಗಾಯವೂ ಇರಲಿಲ್ಲ. ಮೂರು ವಾರದ ನಂತರ ಅಳೆದಾಗ, ಶ್ರಮದ ಹೊತ್ತಿನಲ್ಲಿ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿತ್ತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷ ವಯಸ್ಸಾದದ್ದರಿಂದ ಆದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆಯಿಂದ ಆಗಿದ್ದ ನಷ್ಟವೇ ದೊಡ್ಡದೆಂದು ಕಂಡುಬಂತು!

ಸ್ನಾಯುಗಳ ಕಥೆಯೂ ಹೀಗೆಯೇ. ಆರೋಗ್ಯವಂತ ಯುವಕರ ಒಂದು ಕಾಲನ್ನು ಅಲುಗದಂತೆ ಕಟ್ಟಿಟ್ಟು ನೋಡಿದಾಗ, ಎರಡೇ ವಾರದಲ್ಲಿ ತೊಡೆಯ ಮುಂಭಾಗದ ಸ್ನಾಯು ಶೇಕಡಾ 8ರಷ್ಟು ಸೊರಗಿತ್ತು. ಅದರ ಬಲ ಶೇಕಡಾ 20ಕ್ಕಿಂತಲೂ ಹೆಚ್ಚು ಇಳಿದಿತ್ತು. ಗಾತ್ರಕ್ಕಿಂತ ಬಲ ಬೇಗ ಹೋಗುತ್ತದೆ ಎಂಬುದನ್ನು ಗಮನಿಸಿ. ಸ್ನಾಯುವಿಗೆ ಆಜ್ಞೆ ಕೊಡುವ ನರಗಳೂ ಅಭ್ಯಾಸ ಮರೆಯುವುದೇ ಇದಕ್ಕೆ ಒಂದು ಕಾರಣ. ಮೊಣಕಾಲು ಊದಿದ್ದರೆ ಇದು ಇನ್ನೂ ವೇಗವಾಗಿ ನಡೆಯುತ್ತದೆ. ಊದಿದ ಕೀಲು ತೊಡೆಯ ಸ್ನಾಯುವನ್ನು ತಾನೇ ತಡೆದು ಮಂಕಾಗಿಸುತ್ತದೆ.

ಹಾಗಾದರೆ ವಿಶ್ರಾಂತಿ ಬೇಡವೇ? ಬೇಕು, ಗಾಯವಾದ ಭಾಗಕ್ಕೆ ಬೇಕು. ಒಂದು ಮೊಣಕಾಲಿಗೆ ಪೆಟ್ಟಾದರೆ ನಿಮ್ಮ ಬಳಿ ಇನ್ನೊಂದು ಕಾಲು, ಎರಡು ಕೈ, ಹೊಟ್ಟೆ, ಬೆನ್ನು, ಹೃದಯ, ಶ್ವಾಸಕೋಶ ಎಲ್ಲವೂ ಸರಿಯಾಗಿಯೇ ಇವೆ. ಅವಕ್ಕೂ ರಜೆ ಕೊಟ್ಟರೆ, ಮೊಣಕಾಲು ವಾಸಿಯಾಗುವ ಹೊತ್ತಿಗೆ ಅದನ್ನು ಹೊತ್ತು ನಡೆಯಬೇಕಾದ ದೇಹವೇ ಸೋತಿರುತ್ತದೆ.

ಮೊದಲ ಮೂರು ದಿನ

ಪೆಟ್ಟಾದ ಹೊಸದರಲ್ಲಿ ಮಾಡಬೇಕಾದುದು ಸ್ವಲ್ಪವೇ. ಆಟ ನಿಲ್ಲಿಸಿ. ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ಅಗಲವಾದ ಕ್ರೇಪ್ ಪಟ್ಟಿಯನ್ನು ಹಿತವಾಗಿ ಸುತ್ತಿ. ಬೆರಳು ಜೋಮು ಹಿಡಿಯುವಷ್ಟು ಬಿಗಿಯಬೇಡಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಬಹುದು. ಸಿಗದಿದ್ದರೆ ಗಡಿಗೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸಾಕು. ನೋವು ಕಡಿಮೆ ಮಾಡುವುದಷ್ಟೇ ಅದರ ಕೆಲಸ. ಐಸ್ ಮತ್ತು ಪೂರ್ಣ ವಿಶ್ರಾಂತಿಯ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ 2014ರಲ್ಲಿ ತಮ್ಮ ಅಭಿಪ್ರಾಯ ತಿದ್ದಿಕೊಂಡು, ಅವೆರಡೂ ಅತಿಯಾದರೆ ವಾಸಿಯಾಗುವುದು ತಡವಾಗಬಹುದೆಂದು ಹೇಳಿದರು.

ಮೊದಲ ಎರಡು-ಮೂರು ದಿನ ಬಿಸಿ ಕಾವು, ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು, ಮದ್ಯಪಾನ ಇವು ಬೇಡವೇ ಬೇಡ. ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ನಮ್ಮ ಕಡೆ ಎಲುಬು ಕಟ್ಟುವವರ ಬಳಿ ಓಡುವ ರೂಢಿ ಇನ್ನೂ ಇದೆ. ಅವರ ಮೇಲೆ ಜನರಿಗಿರುವ ವಿಶ್ವಾಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಿದಿರಿನ ದಬ್ಬೆಯನ್ನು ಅತಿ ಬಿಗಿಯಾಗಿ ಕಟ್ಟಿದ್ದರಿಂದ ರಕ್ತಸಂಚಾರ ನಿಂತು, ಕಾಲನ್ನೇ ಕಳೆದುಕೊಂಡವರಿದ್ದಾರೆ. ಕಾಲೂರಲು ಆಗದಿದ್ದರೆ, ಕೆಲವೇ ಗಂಟೆಗಳಲ್ಲಿ ಬಹಳ ಊದಿದರೆ, ಮೊಣಕಾಲು ಜಾರಿದಂತೆ ಅನಿಸಿದರೆ ಭಾಲ್ಕಿಯ ಸರಕಾರಿ ದವಾಖಾನೆಗೋ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯ ಎಲುಬು-ಕೀಲು ವಿಭಾಗಕ್ಕೋ ಹೋಗಿ ತೋರಿಸಿ. ಹೋಗುವಾಗ ಪಡಿತರ ಚೀಟಿ, ಆಧಾರ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ನಿಮಗೆ ಯಾವ ಚಿಕಿತ್ಸೆ ಸಿಗುತ್ತದೆಂದು ಅಲ್ಲಿಯೇ ವಿಚಾರಿಸಿ.

ಕುಳಿತಲ್ಲೇ ತಾಲೀಮು

ಇನ್ನು ಮುಖ್ಯ ವಿಷಯ. ವೈದ್ಯರು ಒಪ್ಪಿಗೆ ಕೊಟ್ಟ ದಿನದಿಂದಲೇ ಕೆಲಸ ಶುರುವಾಗಬೇಕು. ಶಸ್ತ್ರಕ್ರಿಯೆಯಾದವರಿಗೂ ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ ಚಿಕ್ಕ ವ್ಯಾಯಾಮಗಳನ್ನು ಹೇಳಿಕೊಡುತ್ತಾರೆ. ಹೇಳದಿದ್ದರೆ ನೀವೇ ಕೇಳಿ.

ಮೊಣಕಾಲಿನ ಗಾಯಕ್ಕೆ ಮೊದಲ ಪಾಠ ಬಹಳ ಸರಳ. ಕಾಲು ಚಾಚಿ ನೆಲದ ಮೇಲೆ ಕುಳಿತುಕೊಳ್ಳಿ. ಮೊಣಕಾಲಿನ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಟವೆಲನ್ನು ನೆಲಕ್ಕೆ ಒತ್ತುವಂತೆ ತೊಡೆಯ ಸ್ನಾಯುವನ್ನು ಬಿಗಿ ಮಾಡಿ, ಐದು ಎಣಿಸಿ, ಸಡಿಲ ಬಿಡಿ. ಹೀಗೆ ಹತ್ತು ಸಲ. ದಿನಕ್ಕೆ ನಾಲ್ಕೈದು ಬಾರಿ. ನೋಡುವವರಿಗೆ ನೀವು ಸುಮ್ಮನೆ ಕುಳಿತಂತೆಯೇ ಕಾಣುತ್ತದೆ. ಆದರೆ ಮಂಕಾದ ಸ್ನಾಯುವನ್ನು ಎಬ್ಬಿಸುವುದು ಇದೇ. ಅದು ಚೆನ್ನಾಗಿ ಬಿಗಿಯತೊಡಗಿದ ಮೇಲೆ, ಅಂಗಾತ ಮಲಗಿ ಇನ್ನೊಂದು ಕಾಲು ಮಡಚಿ, ಪೆಟ್ಟಾದ ಕಾಲನ್ನು ನೇರವಾಗಿಯೇ ಒಂದು ಗೇಣಿನಷ್ಟು ಎತ್ತಿ ಇಳಿಸಿ. ಪಾದವನ್ನು ಹಿಂದೆ ಮುಂದೆ ಆಡಿಸುವುದನ್ನು ಗಂಟೆಗೊಮ್ಮೆ ಮಾಡಿ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದು ಕಾಯುತ್ತದೆ.

ಆಮೇಲೆ ಇನ್ನೊಂದು ಕಾಲು. ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಒಂದು ಕೈಗೆ ತಾಲೀಮು ಕೊಟ್ಟರೆ ತಾಲೀಮಿಲ್ಲದ ಇನ್ನೊಂದು ಕೈಗೂ ಸ್ವಲ್ಪ ಬಲ ಬರುತ್ತದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಕ್ರಿಪ್ಚರ್ ಎಂಬ ವಿಜ್ಞಾನಿ 1894ರಷ್ಟು ಹಿಂದೆಯೇ ತೋರಿಸಿದ್ದರು. ಆಮೇಲಿನ ಅನೇಕ ಪರೀಕ್ಷೆಗಳು ಇದನ್ನು ಖಚಿತಪಡಿಸಿವೆ. ಬಲ ಎನ್ನುವುದು ಬರೀ ಮಾಂಸಖಂಡದಲ್ಲಿಲ್ಲ, ಮೆದುಳು ಮತ್ತು ನರಗಳಲ್ಲೂ ಇದೆ. ಆದ್ದರಿಂದ ಕುರ್ಚಿಯ ಮೇಲೆ ಕುಳಿತು, ಸರಿಯಿರುವ ಕಾಲಿನ ಪಾದಕ್ಕೆ ಮರಳು ತುಂಬಿದ ಚೀಲ ಕಟ್ಟಿ ಎತ್ತಿ ಇಳಿಸಿದರೆ ಪಟ್ಟಿ ಕಟ್ಟಿದ ಕಾಲಿಗೂ ಕೊಂಚ ಲಾಭವಿದೆ. 'ಒಂದು ಕಾಲು ದಪ್ಪ, ಒಂದು ಕಾಲು ಸಣ್ಣ ಆಗಿಬಿಡುತ್ತದೆ' ಎಂದು ಹೆದರಿ ಎರಡನ್ನೂ ಬಿಡುವವರು ಇದನ್ನು ತಿಳಿಯಬೇಕು.

ಮೈಯ ಮೇಲ್ಭಾಗಕ್ಕೆ ಜಿಮ್ ಬೇಕಿಲ್ಲ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ತೂಕ. ಎರಡು ಲೀಟರಿನ ಎರಡು ಬಾಟಲಿ ಹಿಡಿದು ಕುಳಿತಲ್ಲೇ ಭುಜದಿಂದ ಮೇಲಕ್ಕೆ ಎತ್ತಿ ಇಳಿಸಿ. ತಾಲೀಮು ಖಾನೆಯಲ್ಲಿ ದಂಡ ಹೊಡೆದು ರೂಢಿಯಿದ್ದವರು ಗೋಡೆಗೆ ಕೈಕೊಟ್ಟು, ಭಾರವನ್ನು ಒಳ್ಳೆಯ ಕಾಲಿನ ಮೇಲಿಟ್ಟು ದಂಡ ಹೊಡೆಯಬಹುದು. ಬೈಠಕ್ ಮಾತ್ರ ಈಗ ಬೇಡ. ಉಸಿರಿನ ಶಕ್ತಿ ಉಳಿಸಿಕೊಳ್ಳಲು, ಗಟ್ಟಿ ಕುರ್ಚಿಯಲ್ಲಿ ಕುಳಿತು ಒಂದು ನಿಮಿಷ ಎರಡೂ ಕೈಗಳಿಂದ ಗಾಳಿಯಲ್ಲಿ ಬಾಕ್ಸಿಂಗ್ ಮಾಡಿದಂತೆ ಗುದ್ದಿ, ಒಂದು ನಿಮಿಷ ಬಿಡಿ. ಹತ್ತು ಸುತ್ತು ಮಾಡಿ ನೋಡಿ. ಬೆವರು ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ, ಇದನ್ನೆಲ್ಲ ಬೆಳಗಿನ ತಂಪಿನಲ್ಲೇ ಮುಗಿಸಿ. ಮೊಣಕಾಲು ಸಾಕಷ್ಟು ಮಡಚಲು ಬಂದ ಮೇಲೆ ಸೈಕಲ್ ಬಹಳ ಒಳ್ಳೆಯದು. ಈಜೂ ಒಳ್ಳೆಯದೇ. ಆದರೆ ಶಸ್ತ್ರಕ್ರಿಯೆಯ ಗಾಯ ಪೂರ್ತಿ ಒಣಗುವವರೆಗೆ ನೀರಿಗಿಳಿಯಬಾರದು. ಹೊಲದ ಬಾವಿಯ ಪಾಚಿಗಟ್ಟಿದ ಮೆಟ್ಟಿಲುಗಳನ್ನು ನಂಬಲೂ ಬಾರದು.

ಭುಜಕ್ಕೆ ಪೆಟ್ಟಾದ ವಾಲಿಬಾಲ್ ಆಟಗಾರರಿಗೆ ಲೆಕ್ಕ ತಿರುಗುಮುರುಗು. ಕಾಲುಗಳು ಸರಿಯಿವೆ, ನಡೆಯಿರಿ. ಇನ್ನು ಪಾದದ ಕೀಲು ಉಳುಕಿದವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಊತ ಇಳಿದೊಡನೆ ವಾಸಿಯಾಯಿತೆಂದುಕೊಂಡು ಮತ್ತೆ ಮತ್ತೆ ಉಳುಕಿಸಿಕೊಳ್ಳುತ್ತಾರೆ. ಅಲ್ಲಿ ಸೋತಿರುವುದು ಸಮತೋಲನದ ಅರಿವು. ನೋವಿಲ್ಲದೆ ನಡೆಯಲು ಬಂದ ಮೇಲೆ, ದಿನವೂ ಹಲ್ಲುಜ್ಜುವಾಗ ಗೋಡೆಯ ಪಕ್ಕ ಆ ಒಂದೇ ಕಾಲಿನ ಮೇಲೆ ನಿಲ್ಲುವುದನ್ನು ರೂಢಿಸಿಕೊಳ್ಳಿ.

ಎಷ್ಟು ಮಾಡಬೇಕೆಂಬುದಕ್ಕೆ ಒಂದು ಸುಲಭ ಅಳತೆ ಇದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮದ ಹೊತ್ತಿನಲ್ಲಿ ಮೂರರವರೆಗೆ ಬಂದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆ ಊತ ಹೆಚ್ಚಿದ್ದರೆ ಹಿಂದಿನ ದಿನ ಅತಿಯಾಯಿತು ಎಂದರ್ಥ, ಆ ದಿನ ಅರ್ಧಕ್ಕಿಳಿಸಿ. ನೋವಿನ ಮಾತ್ರೆ ನುಂಗಿ ಈ ಅಳತೆ ಮಾಡಿದರೆ ಲೆಕ್ಕ ತಪ್ಪುತ್ತದೆ.

ಮನಸ್ಸು ಏಕೆ ಸೋಲುತ್ತದೆ?

ಮೊದಲ ತಿಂಗಳು ಎಲ್ಲರೂ ಉತ್ಸಾಹದಿಂದ ಮಾಡುತ್ತಾರೆ. ನೋಡಲು ಬಂದುಹೋಗುವವರೂ ಇರುತ್ತಾರೆ. ಕಷ್ಟ ಶುರುವಾಗುವುದು ಎರಡನೆಯ, ಮೂರನೆಯ ತಿಂಗಳಿನಲ್ಲಿ. ನೋವು ಹೋಗಿದೆ, ನಡಿಗೆ ಬಂದಿದೆ, ಆದರೆ ಆಟವಿಲ್ಲ. ಸಂಗಾತಿಗಳು ಸಂಜೆ ಮೈದಾನಕ್ಕೆ ಹೋಗುತ್ತಾರೆ. ಟವೆಲ್ ಒತ್ತಿ ಒತ್ತಿ ಬೇಸರ ಬಂದಿರುತ್ತದೆ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣುವುದಿಲ್ಲ. ಹುಮ್ಮಸ್ಸು ಸೋರಿಹೋಗುವುದು ಆಗ.

ಇದಕ್ಕೆ ಧೈರ್ಯದ ಮಾತುಗಳು ಹೆಚ್ಚು ದಿನ ಬಾಳುವುದಿಲ್ಲ. ಕಾಣದ ಪ್ರಗತಿಯನ್ನು ಕಾಣುವಂತೆ ಮಾಡಬೇಕು. ಹತ್ತು ರೂಪಾಯಿಯ ನೋಟ್‌ಬುಕ್ಕು, ಮನೆಯಲ್ಲಿ ಹೊಲಿಗೆಯವರ ಟೇಪು ಇದ್ದರೆ ಸಾಕು. ಮೊಣಚಿಪ್ಪಿನ ಮೇಲಂಚಿನಿಂದ ಹತ್ತು ಸೆಂಟಿಮೀಟರ್ ಮೇಲೆ ಗುರುತು ಮಾಡಿ, ವಾರಕ್ಕೊಮ್ಮೆ ಎರಡೂ ತೊಡೆಗಳ ಸುತ್ತಳತೆ ಬರೆಯಿರಿ. ಕಾಲು ಮಡಚಿದಾಗ ಹಿಮ್ಮಡಿಗೂ ಕುಂಡೆಗೂ ಎಷ್ಟು ಗೇಣಿನ ಅಂತರ ಉಳಿಯಿತು, ಎಷ್ಟು ಸಲ ಎತ್ತಿದಿರಿ, ನೋವು ಎಷ್ಟು ಅಂಕ, ರಾತ್ರಿ ಎಷ್ಟು ತಾಸು ನಿದ್ದೆ, ಇಷ್ಟನ್ನು ಬರೆದಿಟ್ಟರೆ ಆರನೆಯ ವಾರದಲ್ಲಿ ಮೊದಲ ಪುಟ ತಿರುವಿ ನೋಡಿದಾಗ ಯಾರ ಉಪದೇಶವೂ ಬೇಕಾಗುವುದಿಲ್ಲ. ಗುರಿಯೂ ಹಾಗೆಯೇ ಚಿಕ್ಕದಿರಲಿ. 'ಮುಂದಿನ ಜಾತ್ರೆಗೆ ಆಡುತ್ತೇನೆ' ಎನ್ನುವುದು ನಿಮ್ಮ ಕೈಯಲ್ಲಿಲ್ಲ. 'ಈ ವಾರ ದಿನಕ್ಕೆ ನಾಲ್ಕು ಬಾರಿ ತಪ್ಪದೆ ಮಾಡುತ್ತೇನೆ' ಎನ್ನುವುದು ನಿಮ್ಮ ಕೈಯಲ್ಲಿದೆ.

ತಂಡವನ್ನು ಬಿಡಬೇಡಿ. ಕಬಡ್ಡಿಯಲ್ಲಿ ಅಂಕ ಬರೆಯುವವರು, ಮೂವತ್ತು ಸೆಕೆಂಡಿನ ದಾಳಿಗೆ ಗಡಿಯಾರ ಹಿಡಿಯುವವರು ಬೇಕೇ ಬೇಕು. ಎದುರಾಳಿಯ ದಾಳಿಗಾರ ಯಾವ ಕಾಲು ಮೊದಲು ಇಡುತ್ತಾನೆ, ಬೋನಸ್ ಗೆರೆಗೆ ಯಾವಾಗ ಹೋಗುತ್ತಾನೆ ಎಂಬುದನ್ನು ಹೊರಗೆ ಕುಳಿತವನು ಒಳಗಿರುವವನಿಗಿಂತ ಚೆನ್ನಾಗಿ ಕಾಣುತ್ತಾನೆ. ಆದರೂ ಕೆಲವರಿಗೆ ಆಟ ನೋಡಿದರೆ ಸಂಕಟ ಹೆಚ್ಚಾಗುತ್ತದೆ. ಅಂಥವರು ಒಂದೆರಡು ವಾರ ಹೋಗದಿದ್ದರೂ ತಪ್ಪಿಲ್ಲ.

ಇನ್ನೊಂದು ಅಡ್ಡಿ ಭಯ. ಮೊಣಕಾಲಿನ ಮುಂಭಾಗದ ಅಸ್ಥಿರಜ್ಜು ಹರಿದು ಶಸ್ತ್ರಕ್ರಿಯೆಯಾದವರ ಬಗ್ಗೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ನೂರರಲ್ಲಿ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರು. ಮೊದಲಿನ ಮಟ್ಟಕ್ಕೆ ಮರಳಿದವರು 65, ಸ್ಪರ್ಧೆಗೆ ಮರಳಿದವರು 55 ಮಾತ್ರ. ಹಿಂದೆ ಉಳಿದವರೆಲ್ಲರ ಮೊಣಕಾಲೂ ಕೆಟ್ಟಿತ್ತೆಂದಲ್ಲ. 'ಮತ್ತೆ ಹರಿದರೆ?' ಎಂಬ ಅಂಜಿಕೆಯೇ ಎಷ್ಟೋ ಜನರನ್ನು ಹಿಡಿದು ನಿಲ್ಲಿಸಿತ್ತು. ಈ ಅಂಜಿಕೆ ಹೇಡಿತನವಲ್ಲ. ಪೆಟ್ಟು ತಿಂದ ಮೆದುಳು ತನ್ನ ಕೆಲಸ ತಾನು ಮಾಡುತ್ತಿದೆ, ಅಷ್ಟೇ. ಅದನ್ನು ಮುಚ್ಚಿಡದೆ ಫಿಸಿಯೋಥೆರಪಿಸ್ಟ್ ಬಳಿ ಹೇಳಿದರೆ, ಪೆಟ್ಟಾದ ಆ ತಿರುವನ್ನೇ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಮಾಡಿಸಿ ಅಂಜಿಕೆ ಬಿಡಿಸುತ್ತಾರೆ.

ಮನೆಯವರಿಗೆ ಎರಡು ಮಾತು. ನಮ್ಮ ಕಡೆ ಆಟ ಬರೀ ಆಟವಲ್ಲ. ಪೊಲೀಸ್ ಅಥವಾ ಸೈನ್ಯದ ಭರ್ತಿಗಾಗಿ 1600 ಮೀಟರ್ ಓಡುವ ಆಸೆಯಿಂದ ಬೆಳಗಿನ ಜಾವ ಎದ್ದ ಹುಡುಗರ ಕಾಲಿಗೂ ಪೆಟ್ಟಾಗುತ್ತದೆ. ಭರ್ತಿಯ ದಿನಾಂಕ ಹತ್ತಿರವಿದ್ದಾಗ 'ಹೇಗಾದರೂ ಓಡು' ಎಂದು ಒತ್ತಾಯಿಸಬೇಡಿ. ಈ ಸಲದ್ದು ತಪ್ಪಿದರೆ, ವಯಸ್ಸಿರುವವರೆಗೆ ಮುಂದಿನದು ಇದೆ. ಹರಿದ ಮೊಣಕಾಲು ಮತ್ತೊಮ್ಮೆ ಹರಿದರೆ ಮುಂದಿನದೂ ಇರುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಬಗೆಯ ಅನ್ಯಾಯವಾಗುತ್ತದೆ. ಓಡಿ ಜಿಗಿದು ತಿರುಗುವ ಆಟಗಳಲ್ಲಿ ಈ ಅಸ್ಥಿರಜ್ಜು ಹರಿಯುವುದು ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಆದರೆ ಹುಡುಗನಿಗೆ 'ವಾಸಿಯಾಗಲಿ, ಆಡುವಿಯಂತೆ' ಎನ್ನುವ ಮನೆಯೇ ಹುಡುಗಿಗೆ 'ಇನ್ನು ಸಾಕು' ಎನ್ನುತ್ತದೆ. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಸ್ಟ್ರೆಚರ್ ಮೇಲೆ ಹೊರಬಂದರು. ಶಸ್ತ್ರಕ್ರಿಯೆಯಾಯಿತು. ಎರಡೇ ವರ್ಷದಲ್ಲಿ, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಏಷ್ಯನ್ ಕ್ರೀಡಾಕೂಟದ ಕುಸ್ತಿಯಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಅವರ ಮನೆಯಲ್ಲೂ ಯಾರಾದರೂ 'ಸಾಕು' ಎಂದಿದ್ದರೆ?

ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ, ಯಾರೊಡನೆಯೂ ಮಾತು ಬೇಡವೆನಿಸಿದರೆ ಅದು ಬರೀ ಬೇಸರವಲ್ಲ, ಖಿನ್ನತೆಯಿರಬಹುದು. ವೈದ್ಯರಿಗೆ ಹೇಳಿ. 14416 ಸಂಖ್ಯೆಗೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತನಾಡುತ್ತಾರೆ, ಖರ್ಚಿಲ್ಲ.

ಊಟದ ಮಾತು

ಆಟವಿಲ್ಲವೆಂದು ಊಟ ಕಡಿಮೆ ಮಾಡುವುದು ತಪ್ಪು. ಹರಿದದ್ದು ಬೆಸೆಯಲು, ಸೊರಗಿದ ಸ್ನಾಯು ತುಂಬಲು ಪ್ರೋಟೀನ್ ಬೇಕು. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 95 ಗ್ರಾಂ. ಇದಕ್ಕೆ ದುಬಾರಿ ಪುಡಿಯ ಡಬ್ಬಿ ಬೇಕಿಲ್ಲ. 100 ಗ್ರಾಂ ತೊಗರಿ ಬೇಳೆಯಲ್ಲಿ 22 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಏಳೆಂಟು ಗ್ರಾಂ, ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16, ಮೂರು ಜೋಳದ ರೊಟ್ಟಿಯಲ್ಲಿ 15ರಷ್ಟು ಸಿಗುತ್ತದೆ. ಬೀದರ್ ಜಿಲ್ಲೆಯ ಹೊಲಗಳಲ್ಲಿ ಇಷ್ಟೊಂದು ಸೋಯಾ ಬೆಳೆಯುತ್ತೇವೆ, ತಿನ್ನುವುದು ಮಾತ್ರ ಅಪರೂಪ. ಅಂಗಡಿಯಲ್ಲಿ ಸಿಗುವ ಸೋಯಾ ಉಂಡೆಗಳ ಐವತ್ತು ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ. ಬೀಡಿ, ಸಿಗರೇಟು, ಗುಟಖಾ ಬಿಡಿ. ಅವು ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಹೋಗುವ ರಕ್ತವನ್ನೇ ತಡೆಯುತ್ತವೆ.

ಮರಳುವ ದಿನ

ಎಂದು ಆಡಬಹುದು? ಎಲ್ಲರೂ ಕೇಳುವ ಪ್ರಶ್ನೆ ಇದೇ. ಪಾದದ ಸಾಧಾರಣ ಉಳುಕಿಗೆ ಕೆಲವು ವಾರ ಸಾಕು. ಮೊಣಕಾಲಿನ ಅಸ್ಥಿರಜ್ಜಿನ ಶಸ್ತ್ರಕ್ರಿಯೆಯಾಗಿದ್ದರೆ ಒಂಬತ್ತು ತಿಂಗಳಿಗಿಂತ ಮೊದಲು ಬೇಡ. 2016ರಲ್ಲಿ ಪ್ರಕಟವಾದ ನಾರ್ವೆ ದೇಶದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡಮಾಡಿದಂತೆಲ್ಲ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚುಕಡಿಮೆ ಅರ್ಧರ್ಧ ಇಳಿಯುತ್ತ ಹೋದದ್ದು ಕಂಡುಬಂತು. ಆದರೆ ಕ್ಯಾಲೆಂಡರ್ ಒಂದನ್ನೇ ನಂಬಬಾರದು. ಊತ ಇರಬಾರದು. ಕಾಲು ಪೂರ್ತಿ ಚಾಚಬೇಕು, ಪೂರ್ತಿ ಮಡಚಬೇಕು. ತೊಡೆಯ ಬಲ ಇನ್ನೊಂದು ಕಾಲಿನ ಶೇಕಡಾ 90ರಷ್ಟಾದರೂ ಇರಬೇಕು. ಒಂಟಿಗಾಲಿನಲ್ಲಿ ಕುಪ್ಪಳಿಸಿದಾಗ ಒಳ್ಳೆಯ ಕಾಲು ನೂರು ಅಂಗುಲ ಹಾರಿದರೆ ಇದು ತೊಂಬತ್ತು ಹಾರಬೇಕು. ಈ ಪರೀಕ್ಷೆಯನ್ನು ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ, ಮನೆಯಂಗಳದಲ್ಲಿ ಒಬ್ಬರೇ ಬೇಡ.

ನಮ್ಮ ಕರ್ನಾಟಕದ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅವರಿಗೆ 1997ರಲ್ಲಿ ಭುಜದ ಕೀಲನ್ನು ಸುತ್ತುವರಿದ ಸ್ನಾಯುರಜ್ಜು ಹರಿದು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಶಸ್ತ್ರಕ್ರಿಯೆ ಮಾಡಿಸಿಕೊಂಡು ತಿಂಗಳುಗಳ ನಂತರ ಬಂದರು. ಭುಜ ಹೋದ ವೇಗದ ಬೌಲರನ ಕಥೆ ಮುಗಿಯಿತೆಂದು ಎಣಿಸುತ್ತಿದ್ದ ಕಾಲವದು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದರು. 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು.

ಈಚಿನ ಉದಾಹರಣೆ ಕೆ.ಎಲ್. ರಾಹುಲ್ ಅವರದು. 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ಅವರ ತೊಡೆಗೆ ಪೆಟ್ಟಾಯಿತು. ಶಸ್ತ್ರಕ್ರಿಯೆಯ ನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಕೆಯ ತಾಲೀಮು ನಡೆಯಿತು. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಮೇಲೂ ಚಿಕ್ಕದೊಂದು ನೋವು ಕಾಣಿಸಿಕೊಂಡದ್ದರಿಂದ ಮೊದಲ ಎರಡು ಪಂದ್ಯಗಳಿಗೆ ಅವರನ್ನು ಆಡಿಸಲಿಲ್ಲ. ನಾಲ್ಕು ತಿಂಗಳು ಕಾದವರಿಗೆ ಇನ್ನೂ ಒಂದು ವಾರ ಕಾಯಿ ಎಂದಾಗ ಎಷ್ಟು ಕಿರಿಕಿರಿಯಾಗಿರಬೇಡ! ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಆರಂಭವಾದ ಪಂದ್ಯದಲ್ಲಿ, ಶ್ರೇಯಸ್ ಅಯ್ಯರ್ ಬೆನ್ನು ಹಿಡಿದುಕೊಂಡದ್ದರಿಂದ ಕೊನೆಯ ಗಳಿಗೆಯಲ್ಲಿ ಅವಕಾಶ ಸಿಕ್ಕಿತು. ಔಟಾಗದೆ 111 ಓಟ ಮಾಡಿದರು. ಕರೆ ಬಂದಾಗ ದೇಹ ಸಿದ್ಧವಿತ್ತು.

ಇವರಿಗೆಲ್ಲ ದೊಡ್ಡ ವೈದ್ಯರಿದ್ದರು, ಹಣವಿತ್ತು, ಮೆಹಕರದ ಹುಡುಗನಿಗೆ ಏನಿದೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ತಾಲೂಕು ಮಟ್ಟದಲ್ಲಿ ಒಳ್ಳೆಯ ಫಿಸಿಯೋಥೆರಪಿ ಸುಲಭವಾಗಿ ಸಿಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿದಿನವೂ ಆಸ್ಪತ್ರೆಗೆ ಹೋಗಬೇಕೆಂದಿಲ್ಲ. ಎರಡು-ಮೂರು ವಾರಕ್ಕೊಮ್ಮೆ ಬೀದರ್‌ಗೆ ಹೋಗಿ, ಮುಂದಿನ ವ್ಯಾಯಾಮಗಳನ್ನು ತಪ್ಪಿಲ್ಲದೆ ಕಲಿತು, ಸಾಧ್ಯವಾದರೆ ತಮ್ಮನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬಂದು ಮನೆಯಲ್ಲಿ ಮಾಡಬಹುದು. ನೋಟ್‌ಬುಕ್ಕನ್ನೂ ಒಯ್ಯಿರಿ. ನೋಡುವವರಿಗೆ ಅದರಿಂದ ಅರ್ಧ ಕೆಲಸ ಹಗುರಾಗುತ್ತದೆ.

ನಡುವೆ ಮೀನಖಂಡ ಊದಿ ಕೆಂಪಾಗಿ ನೋಯತೊಡಗಿದರೆ, ಎದೆನೋವು ಅಥವಾ ಉಸಿರುಗಟ್ಟಿದಂತಾದರೆ, ಜ್ವರ ಬಂದು ಗಾಯ ಒಸರಿದರೆ, ಮೊಣಕಾಲು ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ, ಪಾದ ಮರಗಟ್ಟಿದರೆ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪರೀಕ್ಷೆಗಳೆಲ್ಲ ಮುಗಿದು ಒಪ್ಪಿಗೆ ಸಿಕ್ಕ ಮೇಲೂ ಮೊದಲ ದಿನವೇ ಜಾತ್ರೆಯ ಪಂದ್ಯಕ್ಕೆ ಇಳಿಯಬೇಡಿ. ಮೊದಲ ಎರಡು ವಾರ ಯಾರೂ ಹಿಡಿಯದ ಅಂಕಣದಲ್ಲಿ ಖಾಲಿ ದಾಳಿ, ತಿರುವು, ಹಿಂಜಿಗಿತ. ಆಮೇಲೆ ಒಬ್ಬ ಗೊತ್ತಿರುವ ಗೆಳೆಯ ಮೆಲ್ಲಗೆ ಹಿಡಿಯಲಿ. ಆಮೇಲೆ ಇಬ್ಬರು. ಪೂರ್ತಿ ತಂಡದ ಎದುರು ಮೊದಲ ಸಂಜೆ ಹತ್ತೇ ನಿಮಿಷ ಆಡಿ ಹೊರಗೆ ಬನ್ನಿ. ಮರುದಿನ ಬೆಳಿಗ್ಗೆ ಎದ್ದು ಮೊಣಕಾಲು ಮುಟ್ಟಿ ನೋಡಿ, ಊತವಿಲ್ಲದಿದ್ದರೆ ಆ ಸಂಜೆ ಹದಿನೈದು ನಿಮಿಷ.